ಹಳೆಯ ಪೋರ್ಟಬಲ್ ಟಿವಿಗೆ ಡಿಜಿಟಲ್ ಸಾಧನಗಳ ಜೋಡಣೆ

ಹಳೆಯ ಪೋರ್ಟಬಲ್ ಟಿವಿಗೆ ಡಿಜಿಟಲ್ ಸಾಧನಗಳ ಜೋಡಣೆ ಎಂಬುದು ಅನಲಾಗ್ ಪ್ರಸಾರವನ್ನು ಮಾತ್ರ ಗ್ರಹಿಸಬಲ್ಲ ಸಣ್ಣ ದೂರದರ್ಶನ ಪೆಟ್ಟಿಗೆಯಲ್ಲಿ ಸೆಟ್ ಟಾಪ್ ಬಾಕ್ಸ್, ಟಿವಿ ಸ್ಟಿಕ್, ಲ್ಯಾಪ್‌ಟಾಪ್ ಮೊದಲಾದ ಇಂದಿನ ಸಾಧನಗಳ ಚಿತ್ರ ಮತ್ತು ಧ್ವನಿ ಮೂಡುವಂತೆ ಮಾಡುವ ವಿಧಾನವಾಗಿದೆ. ಪೋರ್ಟಬಲ್ ಟಿವಿ ಎಂದರೆ ಸಾಮಾನ್ಯವಾಗಿ 5ರಿಂದ 14 ಅಂಗುಲದ ಚಿತ್ರನಳಿಕೆ, ಕೈಹಿಡಿ ಮತ್ತು ಎಳೆದು ಉದ್ದ ಮಾಡುವ ಕಡ್ಡಿ ಆಂಟೆನಾ ಇರುವ ಪೆಟ್ಟಿಗೆ. ಇವುಗಳಲ್ಲಿ ಅನೇಕವು 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುತ್ತವೆ. ಆನ್ ಮಾಡಿದಾಗ ತೆರೆಯ ಮೇಲೆ ಬಿಳಿ ಚುಕ್ಕೆಗಳು ಕುಣಿದು ಸುಯ್ಯೆಂಬ ಸದ್ದು ಬಂದರೆ ಪೆಟ್ಟಿಗೆ ಕೆಟ್ಟಿದೆ ಎಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಅದು ಪೆಟ್ಟಿಗೆಯ ಬಹುಭಾಗ ಸರಿಯಾಗಿರುವುದರ ಲಕ್ಷಣ. ಅದು ಹುಡುಕುತ್ತಿರುವ ಪ್ರಸಾರ ಮಾತ್ರ ಇಂದು ಇಲ್ಲ.

ಹಿನ್ನೆಲೆ

ಕರ್ನಾಟಕಕ್ಕೆ ದೂರದರ್ಶನ ಮೊದಲು ಬಂದದ್ದು ರಾಜಧಾನಿಗಲ್ಲ. 1975–76ರ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗದ ಅಂಗವಾಗಿ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಸಮುದಾಯ ಟಿವಿಗಳನ್ನು ಇರಿಸಲಾಯಿತು. ಬೆಂಗಳೂರಿನಲ್ಲಿ ಪ್ರಸಾರ ಆರಂಭವಾದದ್ದು 1981ರಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ವರ್ಣಪ್ರಸಾರವೂ ಬಂದಿತು. ಆದರೂ ಕಪ್ಪು ಬಿಳುಪಿನ ಪೆಟ್ಟಿಗೆಗಳು ಮುಂದೆ ಬಹುಕಾಲ ಮನೆಗಳಲ್ಲಿ ಉಳಿದವು.

ದೂರದರ್ಶನ ಕೇಂದ್ರ ಮತ್ತು ಅದರ ಗೋಪುರ ಇರುವ ಜಯಚಾಮರಾಜೇಂದ್ರ ನಗರ ದಂಡು ಪ್ರದೇಶದ ಅಂಚಿನಲ್ಲಿದೆ. ಅಲ್ಲಿಂದ ಶಿವಾಜಿನಗರ ನೇರ ದಾರಿಯಲ್ಲಿ ಎರಡು ಮೂರು ಕಿಲೋಮೀಟರು. ಹಲಸೂರು, ಇಂದಿರಾನಗರಗಳು ಅದರಿಂದಾಚೆಗೆ. ಕೃಷ್ಣರಾಜಪುರ ಸುಮಾರು 11 ಕಿಲೋಮೀಟರು. ಗೋಪುರದ ಸಮೀಪದಲ್ಲಿ ಸಂಕೇತ ಬಲವಾಗಿರುತ್ತಿದ್ದ ಕಾರಣ ಪೋರ್ಟಬಲ್ ಪೆಟ್ಟಿಗೆಯ ಕಡ್ಡಿ ಆಂಟೆನಾವೇ ಅನೇಕ ಕಡೆ ಸಾಕಾಗುತ್ತಿತ್ತು. ಸಮೀಪದಲ್ಲಿದ್ದವರಿಗೆ ಬೇರೊಂದು ತೊಂದರೆ ಇತ್ತು. ಕಟ್ಟಡಗಳಿಗೆ ಬಡಿದು ತಡವಾಗಿ ಬಂದ ಅಲೆಯಿಂದ ಚಿತ್ರದ ಬಲಕ್ಕೆ ಮಸುಕಾದ ಎರಡನೆಯ ಚಿತ್ರ ಮೂಡುತ್ತಿತ್ತು. ಇದನ್ನು ಜನ 'ನೆರಳು' ಎನ್ನುತ್ತಿದ್ದರು. ಕಡ್ಡಿಯನ್ನು ತಿರುಗಿಸುತ್ತ ಕೂರುವುದೇ ಇದಕ್ಕಿದ್ದ ಪರಿಹಾರ. ದೂರದ ಬಡಾವಣೆಗಳಲ್ಲಿ ತಾರಸಿಯ ಮೇಲೆ ಯಾಗಿ ಆಂಟೆನಾ ನೆಟ್ಟು ಚಪ್ಪಟೆ ತಂತಿಯನ್ನು ಕಿಟಕಿಯ ಮೂಲಕ ಒಳಗೆ ತರಲಾಗುತ್ತಿತ್ತು.

ನಗರಕ್ಕೂ ಈ ಪೆಟ್ಟಿಗೆಗಳಿಗೂ ತಯಾರಿಕೆಯ ನಂಟೂ ಇದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಪ್ಪು ಬಿಳುಪಿನ ಚಿತ್ರನಳಿಕೆಗಳನ್ನು ತಯಾರಿಸುತ್ತಿತ್ತು. ಪೂರ್ವದ ಅಂಚಿನಲ್ಲಿ 1948ರಲ್ಲಿ ಆರಂಭವಾದ ಭಾರತೀಯ ದೂರವಾಣಿ ಕಾರ್ಖಾನೆಯ ದೂರವಾಣಿನಗರ ಮತ್ತು ಎಚ್‌ಎಎಲ್ ವಸತಿ ಪ್ರದೇಶಗಳಿದ್ದವು. ಬೆಸುಗೆ ಕಡ್ಡಿ ಹಿಡಿಯಬಲ್ಲವರಿಗೆ ಅಲ್ಲಿ ಕೊರತೆ ಇರಲಿಲ್ಲ.

ಪ್ರಸಾರದ ಕೊನೆ

ಹಳೆಯ ಪೆಟ್ಟಿಗೆಗಳು ಎರಡು ಹಂತದಲ್ಲಿ ಮೂಕವಾದವು. ಮೊದಲನೆಯದು ಕೇಬಲ್. ಖಾಸಗಿ ವಾಹಿನಿಗಳು ಉಪಗ್ರಹದ ಮೂಲಕ ಬಂದರೂ ಕೇಬಲ್ ನಿರ್ವಾಹಕರು ಅವುಗಳನ್ನು ಸಾಮಾನ್ಯ ಟಿವಿ ಚಾನಲುಗಳ ಕಂಪನಾಂಕಕ್ಕೆ ಇಳಿಸಿ ಮನೆಗೆ ಕಳುಹಿಸುತ್ತಿದ್ದುದರಿಂದ ಹನ್ನೆರಡು ಚಾನಲಿನ ಪೆಟ್ಟಿಗೆಯೂ ಕೆಲವನ್ನಾದರೂ ತೋರಿಸುತ್ತಿತ್ತು. ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು ಮತ್ತು ಮೈಸೂರು ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ನಿಗದಿಯಾಯಿತು. ಆ ಬಳಿಕ ಸೆಟ್ ಟಾಪ್ ಬಾಕ್ಸ್ ಅನಿವಾರ್ಯವಾಯಿತು. ಎರಡನೆಯದು ದೂರದರ್ಶನದ ಸ್ವಂತ ಅನಲಾಗ್ ಪ್ರಸಾರ. ಆಯಕಟ್ಟಿನ ಸ್ಥಳಗಳ ಸುಮಾರು 50 ಟ್ರಾನ್ಸ್‌ಮಿಟರುಗಳನ್ನು ಹೊರತುಪಡಿಸಿ ಉಳಿದ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು 2022ರ ಮಾರ್ಚ್ 31ರೊಳಗೆ ಮುಚ್ಚುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ಈ ನಡುವೆ 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಡಿಜಿಟಲ್ ಕ್ರಮದಲ್ಲಿ ಪ್ರಸಾರ ಆರಂಭವಾಗಿತ್ತಾದರೂ ಹಳೆಯ ಪೆಟ್ಟಿಗೆಗೆ ಅದು ಅರ್ಥವಾಗದ ಭಾಷೆ.

ಸಂಕೇತದ ಸ್ವರೂಪ

ಭಾರತದ ಅನಲಾಗ್ ಪ್ರಸಾರ ಪಾಲ್-ಬಿ ಪದ್ಧತಿಯದು. ಒಂದು ಚಿತ್ರಕ್ಕೆ 625 ರೇಖೆಗಳು, ಅವುಗಳಲ್ಲಿ ಕಾಣುವಂಥವು 576. ಸೆಕೆಂಡಿಗೆ 25 ಚಿತ್ರಗಳು, ಒಂದೊಂದೂ ಬೆಸ ರೇಖೆಗಳ ಅರ್ಧ ಮತ್ತು ಸರಿ ರೇಖೆಗಳ ಅರ್ಧವಾಗಿ ಎರಡು ಕಂತಿನಲ್ಲಿ. ಚಿತ್ರದ ವಾಹಕ ತರಂಗಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ ಧ್ವನಿಯ ವಾಹಕ ಇರುತ್ತದೆ. ವಿಎಚ್‌ಎಫ್ ಪಟ್ಟಿಯಲ್ಲಿ 2ರಿಂದ 4ರವರೆಗಿನ ಚಾನಲುಗಳು 47–68 ಮೆಗಾಹರ್ಟ್ಸ್ ನಡುವೆಯೂ 5ರಿಂದ 12ರವರೆಗಿನವು 174–230 ಮೆಗಾಹರ್ಟ್ಸ್ ನಡುವೆಯೂ ಇವೆ. ಉದಾಹರಣೆಗೆ 3ನೆಯ ಚಾನಲಿನ ಚಿತ್ರವಾಹಕ 55.25 ಮೆಗಾಹರ್ಟ್ಸ್, ಧ್ವನಿವಾಹಕ 60.75 ಮೆಗಾಹರ್ಟ್ಸ್.

ಇಂದಿನ ಸಾಧನಗಳಿಂದ ಹೊರಬರುವುದು ಎಚ್‌ಡಿಎಂಐ ತಂತಿಯಲ್ಲಿ ಹರಿಯುವ ಅಂಕಿಗಳ ಸರಣಿ. ಹಳೆಯ ಪೋರ್ಟಬಲ್ ಪೆಟ್ಟಿಗೆಗೆ ಇರುವ ಬಾಗಿಲು ಆಂಟೆನಾದ ತೂತು ಒಂದೇ. ಆದ್ದರಿಂದ ಸಂಕೇತವನ್ನು ಎರಡು ಸಲ ರೂಪಾಂತರಿಸಬೇಕಾಗುತ್ತದೆ: ಮೊದಲು ಅಂಕಿಗಳಿಂದ ಕಾಂಪೋಸಿಟ್ ವಿಡಿಯೋಗೆ, ಅನಂತರ ಕಾಂಪೋಸಿಟ್ ವಿಡಿಯೋದಿಂದ ಒಂದು ಟಿವಿ ಚಾನಲಿಗೆ. ಎರಡನೆಯ ಕೆಲಸ ಮಾಡುವ ಸಾಧನಕ್ಕೆ ಆರ್‌ಎಫ್ ಮಾಡ್ಯುಲೇಟರ್ ಎಂದು ಹೆಸರು. ಇದು ತಂತಿಯೊಳಗೇ ಇರುವ ಒಂದು ಪುಟ್ಟ ಟಿವಿ ಕೇಂದ್ರ ಎನ್ನಬಹುದು. ಮೊದಲ ಹಂತವನ್ನು ಮಾತ್ರ ಮುಗಿಸಿ, ಹಳದಿ ಬಿಳಿ ಕೆಂಪು ತಂತಿಗಳನ್ನು ಕೈಯಲ್ಲಿ ಹಿಡಿದು, ಪೆಟ್ಟಿಗೆಯಲ್ಲಿ ಅವುಗಳಿಗೆ ಸ್ಥಳವೇ ಇಲ್ಲವೆಂದು ಅರಿತು ಪ್ರಯತ್ನ ಕೈಬಿಡುವುದು ಈ ವಿಷಯದಲ್ಲಿ ತೀರ ಸಾಮಾನ್ಯ.

ಜೋಡಣೆಯ ಕ್ರಮ

ಮೂಲ ಸಾಧನಕ್ಕೆ ಕಾಂಪೋಸಿಟ್ ಹೊರದಾರಿ ಇದ್ದರೆ ಮೊದಲ ರೂಪಾಂತರ ಬೇಡ. ಡಿಡಿ ಫ್ರೀ ಡಿಶ್‌ಗೆ ಬಳಸುವ ಅಗ್ಗದ ಬಾಕ್ಸುಗಳಲ್ಲಿ ಹಾಗೂ ಅನೇಕ ಕೇಬಲ್ ಮತ್ತು ಡಿಟಿಎಚ್ ಬಾಕ್ಸುಗಳಲ್ಲಿ ಈ ದಾರಿ ಇರುತ್ತದೆ, ಕೆಲವೊಮ್ಮೆ ಮೂರು ತೂತುಗಳ ಬದಲು ಒಂದೇ 3.5 ಮಿಲಿಮೀಟರ್ ತೂತಿನ ರೂಪದಲ್ಲಿ. ಕೆಲವು ಹಳೆಯ ಬಾಕ್ಸುಗಳಲ್ಲಿ ಮಾಡ್ಯುಲೇಟರ್ ಒಳಗೇ ಇದ್ದು ಆರ್‌ಎಫ್ ಹೊರದಾರಿಯೂ ಸಿಗುತ್ತದೆ. ಅಂಥದ್ದು ದೊರೆತರೆ ಒಂದೇ ತಂತಿಯಲ್ಲಿ ಕೆಲಸ ಮುಗಿಯುತ್ತದೆ. ವಿಸಿಆರ್ ಮತ್ತು 1990ರ ದಶಕದ ಕ್ಯಾಸೆಟ್ ವಿಡಿಯೋ ಗೇಮುಗಳದೂ ಇದೇ ಕಥೆ. ಮದುವೆಯ ವಿಎಚ್‌ಎಸ್ ಕ್ಯಾಸೆಟ್ ನೋಡಲು ಹೊಸ ದೊಡ್ಡ ಟಿವಿಗಿಂತ ಹಳೆಯ ಪೆಟ್ಟಿಗೆಯೇ ಹೆಚ್ಚು ಒಗ್ಗುತ್ತದೆ, ಏಕೆಂದರೆ ಎರಡೂ ಒಂದೇ ಕಾಲದ, ಒಂದೇ ರೇಖೆಗಳ ಲೆಕ್ಕದ ಯಂತ್ರಗಳು.

ಎಚ್‌ಡಿಎಂಐ ಮಾತ್ರ ಇರುವ ಸಾಧನಕ್ಕೆ 'ಎಚ್‌ಡಿಎಂಐ ಟು ಎವಿ' ಎಂದು ಮಾರಲಾಗುವ ಪುಟ್ಟ ಪರಿವರ್ತಕ ಬೇಕು. ಇದೇ ಆಕಾರದಲ್ಲಿ 'ಎವಿ ಟು ಎಚ್‌ಡಿಎಂಐ' ಎಂಬ ತಿರುವುಮುರುವಾದ ಸಾಧನವೂ ಮಾರುಕಟ್ಟೆಯಲ್ಲಿದೆ. ಎರಡನ್ನೂ ಪರಸ್ಪರ ಬದಲಾಗಿ ಬಳಸಲಾಗದ ಕಾರಣ ಕೊಳ್ಳುವಾಗ ಬಾಣದ ಗುರುತು ನೋಡಬೇಕು. ಪರಿವರ್ತಕದ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಪಾಲ್ ಕಡೆಗೆ ಸರಿಸಬೇಕು. ಅದಕ್ಕೆ 5 ವೋಲ್ಟ್ ಯುಎಸ್‌ಬಿ ವಿದ್ಯುತ್ ಕೊಡದಿದ್ದರೆ ಚಿತ್ರ ಬರದಿರಬಹುದು ಅಥವಾ ಬಂದು ಬಂದು ಹೋಗಬಹುದು. ಮೂಲ ಸಾಧನದ ಧ್ವನಿಯನ್ನು ಪಿಸಿಎಂ ಎಂಬ ಆಯ್ಕೆಗೆ ಇರಿಸುವುದು ಒಳ್ಳೆಯದು. ಸರೌಂಡ್ ಧ್ವನಿಯನ್ನು ಅಗ್ಗದ ಪರಿವರ್ತಕಗಳು ಬಿಡಿಸಲಾರವು. ಸ್ಮಾರ್ಟ್‌ಫೋನುಗಳ ವಿಷಯದಲ್ಲಿ ಎಚ್ಚರ ಅಗತ್ಯ: ಎಲ್ಲ ಫೋನುಗಳ ಯುಎಸ್‌ಬಿ-ಸಿ ತೂತಿನಿಂದಲೂ ಚಿತ್ರ ಹೊರಬರುವುದಿಲ್ಲ. ಅಂಥ ಫೋನಿಗೆ ಟಿವಿ ಸ್ಟಿಕ್ ಮಧ್ಯವರ್ತಿಯಾಗಬಲ್ಲದು. ರಾಸ್ಪ್‌ಬೆರಿ ಪೈ ಗಣಕಗಳ ಹಳೆಯ ಮಾದರಿಗಳಲ್ಲಿ ಕಾಂಪೋಸಿಟ್ ಹೊರದಾರಿ ನೇರವಾಗಿಯೇ ಇದೆ. ಆದರೆ ಅದರ ನಾಲ್ಕು ಪಟ್ಟಿಯ ಜ್ಯಾಕಿನಲ್ಲಿ ವಿಡಿಯೋ ಇರುವ ಪಟ್ಟಿ ಬುಡದ್ದು. ಕ್ಯಾಮ್‌ಕಾರ್ಡರಿಗೆಂದು ಮಾರುವ ತಂತಿಗಳಲ್ಲಿ ಜೋಡಣೆ ಬೇರೆಯಾಗಿರಬಹುದು.

ಮಾಡ್ಯುಲೇಟರನ್ನು ಆರಿಸುವಾಗ ಪೆಟ್ಟಿಗೆಯ ಚಾನಲ್ ತಿರುಗಣೆಯನ್ನು ಮೊದಲು ನೋಡಬೇಕು. ತಿರುಗಣೆಯಲ್ಲಿ 12ರವರೆಗೆ ಮಾತ್ರ ಅಂಕಿಗಳಿದ್ದರೆ ಅದು ವಿಎಚ್‌ಎಫ್ ಪೆಟ್ಟಿಗೆ. 21ರಿಂದ 69ರವರೆಗಿನ ಯುಎಚ್‌ಎಫ್ ಚಾನಲುಗಳಲ್ಲಿ ಮಾತ್ರ ನಡೆಯುವ ಮಾಡ್ಯುಲೇಟರ್ ಅದಕ್ಕೆ ನಿರುಪಯುಕ್ತ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ, '3/4' ಎಂಬ ಗುಂಡಿಯ ಮಾಡ್ಯುಲೇಟರ್ ಇನ್ನೂ ಮೋಸಗೊಳಿಸುವಂಥದ್ದು. ಅಲ್ಲಿಯ 3ನೆಯ ಚಾನಲಿನ ಚಿತ್ರವಾಹಕ 61.25 ಮೆಗಾಹರ್ಟ್ಸ್. ಸೂಕ್ಷ್ಮ ಹೊಂದಾಣಿಕೆಯ ತಿರುಗಣೆ ಇರುವ ಭಾರತೀಯ ಪೆಟ್ಟಿಗೆಯ 4ನೆಯ ಚಾನಲಿನ ಬಳಿ ಚಿತ್ರ ಸಿಕ್ಕರೂ ಸಿಕ್ಕೀತು, ಆದರೆ ಧ್ವನಿ ಬರುವುದಿಲ್ಲ, ಏಕೆಂದರೆ ಅದರ ಧ್ವನಿವಾಹಕ ಇರುವುದು 5.5ರ ಬದಲು 4.5 ಮೆಗಾಹರ್ಟ್ಸ್ ಅಂತರದಲ್ಲಿ. 'ಪಾಲ್ ಬಿ/ಜಿ' ಎಂದು ಬರೆದಿರುವುದನ್ನೇ ಕೊಳ್ಳಬೇಕು. ಬೆಂಗಳೂರಿನಲ್ಲಿ ಇಂಥ ಸಾಮಾನುಗಳಿಗೆ ಹೆಸರಾದದ್ದು ಪುರಭವನದ ಸಮೀಪದ ಎಸ್.ಪಿ. ರಸ್ತೆ. ಶಿವಾಜಿನಗರದ ಗುಜರಿ ಅಂಗಡಿಗಳ ಖ್ಯಾತಿ ಹೆಚ್ಚಾಗಿ ವಾಹನಗಳ ಬಿಡಿಭಾಗಗಳದು.

ಕೊನೆಯ ತಂತಿಯೂ ಗಮನ ಬೇಡುತ್ತದೆ. ಮಾಡ್ಯುಲೇಟರಿನಿಂದ ಹೊರಡುವುದು 75 ಓಮ್‌ನ ದುಂಡು ಕೇಬಲ್. ಹಳೆಯ ಪೆಟ್ಟಿಗೆಯ ಹಿಂಬದಿಯಲ್ಲಿ ಎರಡು ಸ್ಕ್ರೂಗಳಿದ್ದರೆ ಅದು ಚಪ್ಪಟೆ ತಂತಿಗೆಂದು ಮಾಡಿದ 300 ಓಮ್‌ನ ದ್ವಾರ. ಇವೆರಡರ ನಡುವೆ ಬಾಲನ್ ಎಂಬ ಬೆರಳುದ್ದದ ಪರಿವರ್ತಕ ಇರಬೇಕು. ಪುಟ್ಟ ಪೆಟ್ಟಿಗೆಗಳಲ್ಲಿ ಹೊರಗಿನ ಆಂಟೆನಾಕ್ಕೆ 3.5 ಮಿಲಿಮೀಟರ್ ತೂತು ಇರುವುದುಂಟು. ಅದೂ ಇಲ್ಲದ, ಕಡ್ಡಿ ಆಂಟೆನಾ ಮಾತ್ರ ಇರುವ ಪೆಟ್ಟಿಗೆಗಳಲ್ಲಿ ಕೇಬಲಿನ ನಡುತಂತಿಯನ್ನು ಕಡ್ಡಿಯ ಬುಡಕ್ಕೆ ಕ್ಲಿಪ್ಪಿನಿಂದ ಹಿಡಿಸುವುದು ರೂಢಿ. ಇದರಿಂದ ಕೆಲಸ ನಡೆಯುತ್ತದೆ, ಆದರೆ ಕಡ್ಡಿಯನ್ನು ಪೂರ್ತಿ ಮಡಚಿಡಬೇಕು. ಅದರ ಕಾರಣ ಮುಂದೆ ಇದೆ.

ವಿದೇಶದಿಂದ ಬಂದ ಪೆಟ್ಟಿಗೆಗಳು

ವಿದೇಶಗಳಲ್ಲಿ ದುಡಿದವರ ಮತ್ತು ಅಲ್ಲಿ ನೆಂಟರಿರುವವರ ಸಾಮಾನಿನೊಡನೆ ಅನೇಕ ಪೋರ್ಟಬಲ್ ಟಿವಿಗಳು ಬಂದಿವೆ. 1982ರಲ್ಲಿ ಸೋನಿ ಹೊರತಂದ ಅಂಗೈ ಗಾತ್ರದ ವಾಚ್‌ಮನ್ ಮಾದರಿಗಳೂ ಇವುಗಳಲ್ಲಿ ಸೇರುತ್ತವೆ. ಇಂಥವುಗಳ ವರ್ತನೆ ಅವು ತಯಾರಾದ ದೇಶದ ಪದ್ಧತಿಯನ್ನು ಅವಲಂಬಿಸುತ್ತದೆ. ಬ್ರಿಟನ್ನಿನ ಪ್ರಸಾರದಲ್ಲಿ ಧ್ವನಿವಾಹಕದ ಅಂತರ 6 ಮೆಗಾಹರ್ಟ್ಸ್. ಅಲ್ಲಿಯ ಪೆಟ್ಟಿಗೆಗಳಲ್ಲಿ ಬಹುಪಾಲು ಯುಎಚ್‌ಎಫ್ ಮಾತ್ರ ಹಿಡಿಯುತ್ತವೆ. ಇಂಥ ಪೆಟ್ಟಿಗೆಗೆ ಜೆ.ಸಿ. ನಗರದ ಪ್ರಸಾರ ನಡೆಯುತ್ತಿದ್ದ ಕಾಲದಲ್ಲೂ ಚಿತ್ರವಿದ್ದು ಧ್ವನಿಯಿಲ್ಲದ ಅಥವಾ ಎರಡೂ ಇಲ್ಲದ ಸ್ಥಿತಿಯೇ ಗತಿಯಾಗಿತ್ತು. ವಿಚಿತ್ರವೆಂದರೆ ಈಗ ಅದರ ಪಾಡು ಸುಧಾರಿಸಿದೆ: 'ಪಾಲ್ ಐ' ಆಯ್ಕೆಯಿರುವ ಮಾಡ್ಯುಲೇಟರನ್ನು ಯುಎಚ್‌ಎಫ್ 36ಕ್ಕೆ, ಎಂದರೆ 591.25 ಮೆಗಾಹರ್ಟ್ಸ್‌ಗೆ ಇರಿಸಿದರೆ ಅದು ತನ್ನ ತವರಿನಲ್ಲಿ ನಡೆದಂತೆಯೇ ನಡೆಯುತ್ತದೆ. ಅಮೆರಿಕದ ಪೆಟ್ಟಿಗೆಗಾದರೆ ಪರಿವರ್ತಕವನ್ನೂ ಮಾಡ್ಯುಲೇಟರನ್ನೂ ಎನ್‌ಟಿಎಸ್‌ಸಿಗೆ ಬದಲಿಸಬೇಕು. ಅದು 120 ವೋಲ್ಟಿನದಾದ್ದರಿಂದ ನಮ್ಮ 230 ವೋಲ್ಟಿಗೆ ನೇರ ಚುಚ್ಚುವಂತಿಲ್ಲ.

ಚಿತ್ರದ ಗುಣ

ಎರಡು ರೂಪಾಂತರಗಳ ಬೆಲೆಯನ್ನು ಚಿತ್ರ ತೆರುತ್ತದೆ. 1080 ರೇಖೆಗಳ ಚಿತ್ರ 576ಕ್ಕೆ ಇಳಿಯುತ್ತದೆ. 16:9ರ ಅಗಲದ ಚಿತ್ರ 4:3ರ ತೆರೆಯಲ್ಲಿ ಮುಖಗಳನ್ನು ಉದ್ದ ಮಾಡುತ್ತದೆ ಅಥವಾ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುತ್ತದೆ. ಎರಡನೆಯದನ್ನು ಆರಿಸುವುದು ಮೇಲು. ಹಳೆಯ ಪೆಟ್ಟಿಗೆಗಳು ಚಿತ್ರದ ಅಂಚುಗಳನ್ನು ತೆರೆಯ ಚೌಕಟ್ಟಿನ ಆಚೆ ಹರಡುವುದರಿಂದ ಮೂಲೆಯ ಅಕ್ಷರಗಳು ಕಾಣದೆ ಹೋಗುತ್ತವೆ. ಸಣ್ಣ ತೆರೆಯಲ್ಲಿ ಲ್ಯಾಪ್‌ಟಾಪಿನ ಕಡತ ಓದುವ ಆಸೆ ಬಿಡಬೇಕು. ಹಳೆಯ ಚಲನಚಿತ್ರ, ಕ್ರಿಕೆಟ್, ಸುದ್ದಿ ವಾಚಕರ ಮುಖ ಇವು ಚೆನ್ನಾಗಿಯೇ ಕಾಣುತ್ತವೆ.

ಕಪ್ಪು ಬಿಳುಪಿನ ತೆರೆಯಲ್ಲಿ ಸಾಲು ಚುಕ್ಕೆಗಳ ನೇಯ್ಗೆ ಕಂಡರೆ ಅದು 4.43 ಮೆಗಾಹರ್ಟ್ಸ್‌ನಲ್ಲಿರುವ ಬಣ್ಣದ ಸಂಕೇತದ ಗುರುತು. ಮೂಲ ಸಾಧನದಲ್ಲಿ ಬಣ್ಣವನ್ನು ಸೊನ್ನೆಗೆ ಇಳಿಸಿದರೆ ಚಿತ್ರ ನಿಚ್ಚಳವಾಗುತ್ತದೆ. ಬಿಳಿ ಅಕ್ಷರಗಳು ಬಂದಾಗಲೆಲ್ಲ ಧ್ವನಿಯಲ್ಲಿ ಗುಂಯ್‌ಗುಟ್ಟುವಿಕೆ ಕೇಳಿಸುವುದು ಇನ್ನೊಂದು ಸಾಮಾನ್ಯ ದೂರು. ಈ ಪದ್ಧತಿಯಲ್ಲಿ ಚಿತ್ರ ಬೆಳ್ಳಗಾದಷ್ಟೂ ವಾಹಕ ಕ್ಷೀಣಿಸುತ್ತದೆ. ಬಿಳುಪು ಮಿತಿ ಮೀರಿದರೆ ಅದು ಅಳಿದೇಹೋಗಿ ಧ್ವನಿಯನ್ನು ಕೆಡಿಸುತ್ತದೆ. ಮೂಲದ ಕಾಂಟ್ರಾಸ್ಟ್ ತಗ್ಗಿಸುವುದೇ ಮದ್ದು. ಚಿತ್ರ ಮೇಲಕ್ಕೆ ಉರುಳುತ್ತಿದ್ದರೆ ಹಿಂಬದಿಯ 'ವರ್ಟಿಕಲ್ ಹೋಲ್ಡ್' ತಿರುಗಣೆಯನ್ನು ಮೆಲ್ಲಗೆ ತಿರುಗಿಸಿ ನಿಲ್ಲಿಸಬಹುದು. ಯಾವುದನ್ನು ಮಾಡಿದರೂ ಕೆಲವು ಒಟಿಟಿ ಸೇವೆಗಳ ಚಿತ್ರ ಬಾರದಿರಬಹುದು. ನಕಲು ತಡೆಯುವ ಎಚ್‌ಡಿಸಿಪಿ ವ್ಯವಸ್ಥೆ ಅನಲಾಗ್ ಪರಿವರ್ತಕವನ್ನು ಒಪ್ಪದಿದ್ದಾಗ ತೆರೆ ಕಪ್ಪಾಗಿ ಉಳಿಯುತ್ತದೆ.

ಸುರಕ್ಷತೆ

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚುವುದು ತಪ್ಪು. ಅದರ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳು ಒಣಗಿರಬಹುದು. ದುರಸ್ತಿಗಾರರು ಮೊದಲು ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ ಕೊಟ್ಟು ನೋಡುತ್ತಾರೆ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. 12 ವೋಲ್ಟಿನಲ್ಲಿ ನಡೆಸುವಾಗ ಪಿನ್ನಿನ ನಡುವೆ ಧನವೋ ಋಣವೋ ಎಂಬುದನ್ನು ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ನೋಡಿಕೊಳ್ಳಬೇಕು. ಇಂದಿನ ಅಡಾಪ್ಟರುಗಳಲ್ಲಿ ನಡುವೆ ಧನ ಇರುವುದು ವಾಡಿಕೆ, ಹಳೆಯ ಪೆಟ್ಟಿಗೆಗಳಲ್ಲಿ ಅನೇಕವು ಇದಕ್ಕೆ ತದ್ವಿರುದ್ಧ. ಚಾರ್ಜ್ ಆಗುತ್ತಿರುವ ಕಾರಿನ ಬ್ಯಾಟರಿ 14 ವೋಲ್ಟನ್ನೂ ಮೀರುತ್ತದೆ ಎಂಬುದೂ ನೆನಪಿನಲ್ಲಿರಬೇಕು.

ಪೆಟ್ಟಿಗೆಯ ಹಿಂಬದಿ ಬಿಚ್ಚುವುದು ಅನುಭವಿಗಳ ಕೆಲಸ. ಚಿತ್ರನಳಿಕೆಯ ಆನೋಡಿನಲ್ಲಿ ಸಾವಿರಾರು ವೋಲ್ಟುಗಳ ಒತ್ತಡವಿರುತ್ತದೆ, 14 ಅಂಗುಲದ ಬಣ್ಣದ ಪೆಟ್ಟಿಗೆಯಲ್ಲಿ 20,000 ವೋಲ್ಟಿನ ಆಸುಪಾಸು. ತಂತಿ ಕಿತ್ತ ಮೇಲೂ ಅದು ಬಹುಕಾಲ ಉಳಿಯಬಲ್ಲದು. ಇದಕ್ಕಿಂತ ಕಡಿಮೆ ತಿಳಿದಿರುವ ಅಪಾಯ ಇನ್ನೊಂದಿದೆ. ಮಾಡ್ಯುಲೇಟರಿನ ಖರ್ಚು ಮತ್ತು ಚಿತ್ರದ ಮಸುಕು ಎರಡನ್ನೂ ತಪ್ಪಿಸಲು ಪೆಟ್ಟಿಗೆಯೊಳಗಿನ ವಿಡಿಯೋ ಹಂತಕ್ಕೆ ನೇರವಾಗಿ ಕಾಂಪೋಸಿಟ್ ತಂತಿ ಬೆಸೆಯುವವರಿದ್ದಾರೆ. ಆದರೆ ಮನೆಯ ವಿದ್ಯುತ್ತಿನಿಂದ ಮಾತ್ರ ನಡೆಯುವ ಅನೇಕ ಹಳೆಯ ಪೆಟ್ಟಿಗೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಅವುಗಳ ಒಳಚೌಕಟ್ಟೇ ವಿದ್ಯುತ್ ತಂತಿಗೆ ಸೇರಿರುತ್ತದೆ. ತಯಾರಕರು ಆಂಟೆನಾದ ದ್ವಾರವನ್ನು ಮಾತ್ರ ಕೆಪಾಸಿಟರುಗಳಿಂದ ಬೇರ್ಪಡಿಸಿರುತ್ತಾರೆ. ಅಂಥ ಪೆಟ್ಟಿಗೆಯೊಳಗಿನಿಂದ ಎಳೆದ ವಿಡಿಯೋ ತಂತಿ ಸೆಟ್ ಟಾಪ್ ಬಾಕ್ಸಿನ ಲೋಹದ ಕವಚಕ್ಕೆ 230 ವೋಲ್ಟನ್ನು ತಂದುಬಿಡುತ್ತದೆ. ಮಸುಕಾದರೂ ಆಂಟೆನಾದ ದಾರಿಯೇ ಲೇಸೆನ್ನುವುದು ಇದೇ ಕಾರಣಕ್ಕೆ. ಟ್ರಾನ್ಸ್‌ಫಾರ್ಮರ್ ಇರುವ 12 ವೋಲ್ಟಿನ ಪೋರ್ಟಬಲ್ ಪೆಟ್ಟಿಗೆಗಳಲ್ಲಿ ಈ ಭಯ ಕಡಿಮೆ.

ಹೊರಗೆ ಸೋರುವ ಸಂಕೇತ

ಮಾಡ್ಯುಲೇಟರಿನ ಹೊರದಾರಿಯನ್ನು ತಂತಿಯ ಮೂಲಕ ಪೆಟ್ಟಿಗೆಗೆ ಮಾತ್ರ ಕೊಡಬೇಕು. ತಂತಿಯಿಲ್ಲದೆ ಕೋಣೆಯಿಂದ ಕೋಣೆಗೆ ಚಿತ್ರ ಕಳುಹಿಸುವ ಆಸೆಯಿಂದ ಅದಕ್ಕೆ ಆಂಟೆನಾ ಜೋಡಿಸುವುದು ಪರವಾನಗಿಯಿಲ್ಲದ ಪ್ರಸಾರವಾಗುತ್ತದೆ, ಅದು ಕಾನೂನುಬಾಹಿರ. ಬೆಂಗಳೂರಿನ ಪೂರ್ವಭಾಗದಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. ಅಗ್ಗದ ಮಾಡ್ಯುಲೇಟರುಗಳಿಂದ ಮೂಲ ಕಂಪನಾಂಕದ ಇಮ್ಮಡಿಯ ಅಲೆಗಳೂ ಹೊರಡುತ್ತವೆ. 3ನೆಯ ಚಾನಲಿನ 55.25ರ ಇಮ್ಮಡಿ 110.5 ಮೆಗಾಹರ್ಟ್ಸ್: ವಿಮಾನಗಳನ್ನು ಓಡುದಾರಿಯ ನೇರಕ್ಕೆ ತರುವ ಉಪಕರಣಗಳ ಪಟ್ಟಿಯೊಳಗೆ ಬೀಳುವ ಸಂಖ್ಯೆ. 4ನೆಯ ಚಾನಲಿನ 62.25ರ ಇಮ್ಮಡಿ 124.5 ಮೆಗಾಹರ್ಟ್ಸ್: ವಿಮಾನ ಚಾಲಕರು ಮಾತನಾಡುವ ಪಟ್ಟಿ. ನಾಗರಿಕ ವಿಮಾನಯಾನ 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದ ಮೇಲೂ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಹಾರಾಟ ನಿಂತಿಲ್ಲ. ಇಂದಿರಾನಗರ ಅದರಿಂದ ಕೆಲವೇ ಕಿಲೋಮೀಟರು. ಕಡ್ಡಿ ಆಂಟೆನಾಕ್ಕೆ ಕ್ಲಿಪ್ ಹಾಕಿದಾಗ ಅದನ್ನು ಮಡಚಿಡಬೇಕೆನ್ನುವುದು, ತಾರಸಿಯ ಹಳೆಯ ಯಾಗಿಯ ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸಿಯೇ ಮಾಡ್ಯುಲೇಟರ್ ಜೋಡಿಸಬೇಕೆನ್ನುವುದು ಇದರಿಂದಲೇ.

ವಿಲೇವಾರಿ

ದುರಸ್ತಿಗೆ ಸಿಗದ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ವಾಡಿಕೆಯಾದರೂ ಚಿತ್ರನಳಿಕೆ ಸಾಧಾರಣ ಗಾಜಲ್ಲ. ಬಣ್ಣದ ನಳಿಕೆಯ ಹಿಂಭಾಗದ ಶಂಕುವಿನಲ್ಲಿ ಮತ್ತು ಕುತ್ತಿಗೆಯಲ್ಲಿ ಸೀಸ ಬೆರೆತಿರುತ್ತದೆ. ಒಳಗೆ ನಿರ್ವಾತವಿರುವ ಕಾರಣ ಒಡೆದರೆ ಚೂರುಗಳು ರಭಸದಿಂದ ಚಿಮ್ಮುತ್ತವೆ. ತಾಮ್ರದ ಸುರುಳಿಗಾಗಿ ಕುತ್ತಿಗೆ ಮುರಿದು ಗಾಜನ್ನು ಬೀದಿಬದಿಯಲ್ಲಿ ಎಸೆಯುವುದರಿಂದ ಸೀಸ ಮಣ್ಣು ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ದೂರದರ್ಶನ ಪೆಟ್ಟಿಗೆಗಳೂ ಬರುತ್ತವೆ. ಅವುಗಳನ್ನು ನೋಂದಾಯಿತ ಮರುಬಳಕೆ ಘಟಕಗಳಿಗೆ ತಲುಪಿಸಬೇಕು. ಕೊಡುವ ಮುನ್ನ ಚಾನಲ್ ತಿರುಗಣೆ, ಕಡ್ಡಿ ಆಂಟೆನಾ ಮತ್ತು ಸ್ಪೀಕರುಗಳನ್ನು ತೆಗೆದಿರಿಸಿಕೊಳ್ಳುವ ದುರಸ್ತಿಗಾರರಿದ್ದಾರೆ. ಹೊಸದಾಗಿ ತಯಾರಾಗದ ಈ ಭಾಗಗಳು ಇನ್ನೊಂದು ಪೆಟ್ಟಿಗೆಯ ದುರಸ್ತಿಗೆ ಒದಗುತ್ತವೆ.